ನಮ್ಮತ್ತೆ ಕುದಿಸಿದ ಹೆಂಡ

ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಸೊಸೆ ಮೊನ್ನೆ ಸಂಜೆ ಬಟ್ಟಲು ಹಿಡಿದುಕೊಂಡು ಹೆಪ್ಪು ಕೇಳಲು ಬಂದಿದ್ದಳು. ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ ಮನೆಯಿಂದಾಚೆ ಹೋಗಬಾರದೆಂದು ನಮ್ಮ ಕಡೆ ಒಂದು ನಿಯಮವಿದೆ. ನಾನು ದೀಪ ಹಚ್ಚುವುದನ್ನೇ ಒಂದಿಷ್ಟು ತಡಮಾಡಿ ಅವಳ ಬಟ್ಟಲಿಗೆ ಹೆಪ್ಪು ಹಾಕಿದೆ. ನಿಯಮವೂ ಉಳಿಯಿತು, ನೆರೆಹೊರೆಯೂ ಉಳಿಯಿತು. ಹೊರಟವಳು ಬಾಗಿಲಲ್ಲಿ ನಿಂತು, ನಿನ್ನೆ ಹಾಕಿದ ಹೆಪ್ಪು ಯಾಕೆ ಹತ್ತಲೇ ಇಲ್ಲ ದೊಡ್ಡಮ್ಮ ಎಂದು ಕೇಳಿದಳು. ಹಾಲು ತೀರಾ ಬಿಸಿಯಿದ್ದಿರಬೇಕು, ಹೆಪ್ಪು ಸತ್ತುಹೋಗಿರುತ್ತೆ ಎಂದೆ. ಮೊಸರು ಕೂಡ ಸಾಯುತ್ತದೆಯೇ ಎಂದು ಆ ಹುಡುಗಿ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಅವಳು ಹೋದ ಮೇಲೂ ದೀಪ ಹಚ್ಚುವುದನ್ನು ಮರೆತು ಅಲ್ಲೇ ಕೂತಿದ್ದೆ.

ನೀವು ನನ್ನನ್ನು ಬಲ್ಲವರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ಮಾಡಿಸಿ ಗಂಟಲು ಕೆಡಿಸಿಕೊಂಡವಳು. ಇಂಥವಳ ಮನೆಯಲ್ಲಿ ಒಂದು ಕಾಲದಲ್ಲಿ ಇಂಗ್ಲಿಷಿನವರು ಕುಡಿಯುವ ಮದ್ಯವನ್ನು ಕಾಸಿದ್ದೆವು ಎಂದರೆ ನಂಬುವುದು ಕಷ್ಟ. ಅದೂ ವಿಕ್ಟೋರಿಯಾ ರಾಣಿಯ ಕಾಲದ್ದು. ಅದೂ ನಮ್ಮತ್ತೆಯವರ ಕೈಯಿಂದ. ಅತ್ತೆಯವರನ್ನು ಕಂಡಿದ್ದವರು ಯಾರಾದರೂ ಈಗ ಬದುಕಿದ್ದರೆ, ಮೊದಲಿನೆರಡನ್ನು ನಂಬಿದರೂ ಮೂರನೆಯದನ್ನು ಖಂಡಿತ ನಂಬಲಾರರು.

ಆಗಿನ್ನೂ ಜನ ನಮ್ಮೂರನ್ನು ಮದ್ದಗಿರಿ ಎಂದೇ ಕರೆಯುತ್ತಿದ್ದರು. ಬೆಟ್ಟದ ಬುಡದ ಬೀದಿಯಲ್ಲಿ ನಮ್ಮ ಮನೆ. ಮಾವನವರು ಪ್ಲೇಗಿನ ವರ್ಷ ತೀರಿಕೊಂಡಿದ್ದರು. ಅತ್ತೆ ಒಬ್ಬ ಮಗನನ್ನು ಕಟ್ಟಿಕೊಂಡು, ಊರಿಗೆಲ್ಲ ಮಡಿ ಹೇಳಿಕೊಂಡು ಬದುಕಿದವರು. ಬಾವಿಯಿಂದ ಅವರು ಸೇದಿದ ನೀರೇ ಆಗಬೇಕು. ಸೌದೆಯನ್ನು ತೊಳೆದು, ಒಣಗಿಸಿ ಒಲೆಗೆ ಇಡುತ್ತಿದ್ದರು. ಉಪ್ಪನ್ನು ಮಾತ್ರ ತೊಳೆಯುವುದಕ್ಕಾಗುವುದಿಲ್ಲವಲ್ಲ ಎಂಬ ಕೊರಗು ಅವರಿಗೆ ಕಡೆಯವರೆಗೂ ಇತ್ತು. ಲಿಂಗವಂತರಿಗೆ ಸೂತಕವಿಲ್ಲವಮ್ಮ ಎಂದು ಮನೆಗೆ ಪಾದಪೂಜೆಗೆ ಬರುತ್ತಿದ್ದ ಅಯ್ಯನವರು ನಗುತ್ತ ಹೇಳಿದರೆ, ನಿಮಗಿಲ್ಲ, ನನ್ನ ಅಡಿಗೆಮನೆಗಿದೆ ಎಂದು ಅವರಿಗೇ ತಿರುಗಿ ಹೇಳುತ್ತಿದ್ದರು. ಈ ಶಾಸ್ತ್ರದಲ್ಲಿ ಒಂದೇ ಒಂದು ಕಿಂಡಿ ಇತ್ತು. ಬೆಂಕಿ ಕಂಡದ್ದಕ್ಕೆ ಮೈಲಿಗೆಯಿಲ್ಲ. ಹೊರಗಿನ ಹಾಲು, ಅಂಗಡಿಯ ಬೆಲ್ಲ, ಯಾರೋ ತಂದುಕೊಟ್ಟ ತುಪ್ಪ, ಏನೇ ಆಗಲಿ, ಒಮ್ಮೆ ಒಲೆಯ ಮೇಲೆ ಕುದಿದು ಇಳಿದರೆ ಅದು ಅವರ ಮನೆಯದಾಗುತ್ತಿತ್ತು.

ನನ್ನನ್ನು ಕುದಿಸುವಂತಿರಲಿಲ್ಲ, ಅದೊಂದು ತೊಂದರೆಯಾಗಿತ್ತು. ನಾನು ಪಾವಗಡದ ಕಡೆಯವಳು. ಅಲ್ಲಿ ಹಸು ಕನ್ನಡದಲ್ಲಿ ಕೂಗಿದರೆ ಕರು ತೆಲುಗಿನಲ್ಲಿ ಓಗೊಡುತ್ತದೆ. ಮಾತಿನ ನಡುವೆ ನನಗೆ ತಿಳಿಯದೆ 'ಅಯ್ಯೋ ದೇವುಡಾ' ಎಂದುಬಿಟ್ಟರೆ ಅತ್ತೆ, ಮೊದಲು ಬಾಯಿ ಮುಕ್ಕಳಿಸಿಕೊಂಡು ಬಾ, ಆಮೇಲೆ ಮಾತಾಡು ಎನ್ನುತ್ತಿದ್ದರು. ಹೀಗೆ ದಿನಕ್ಕೆ ಎಷ್ಟು ಸಲ ಬಾಯಿ ಮುಕ್ಕಳಿಸಿದೆನೋ. ನನ್ನ ಹಲ್ಲು ಇವತ್ತಿಗೂ ಗಟ್ಟಿಯಾಗಿರುವುದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ.

ನಮ್ಮ ಯಜಮಾನರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ಅಭ್ಯಾಸ. ಹಾಜರಿ ಕೂಗುವಾಗ ಅವರ ಹೆಸರಿನ ಹುಡುಗ ಯಾರಾದರೂ ಶಾಲೆಗೆ ಸೇರಿದ್ದರೆ ಏನು ಗತಿಯಾಗುತ್ತಿತ್ತೋ, ಪುಣ್ಯಕ್ಕೆ ನನ್ನದು ಹೆಣ್ಣುಮಕ್ಕಳ ಶಾಲೆ. ಅವರು ಲೋಯರ್ ಸೆಕೆಂಡರಿ ಪಾಸಾಗಿದ್ದರು, ಬರವಣಿಗೆ ಅಚ್ಚು ಹಾಕಿದಂತಿತ್ತು. ಜರ್ಮನಿಯ ಯುದ್ಧ ಶುರುವಾದಾಗ ಮಹಾರಾಜರ ಕುದುರೆ ದಂಡು ಸಮುದ್ರದಾಚೆ ಹೊರಟಿತು. ಕುದುರೆಗಳಿಗೆ ಹುಲ್ಲು ಹುರುಳಿಯ ಲೆಕ್ಕ ಬರೆಯಲು ಗುಮಾಸ್ತರು ಬೇಕಾಗಿದ್ದರಂತೆ. ಮೈಸೂರಿನಲ್ಲಿ ಕೆಲಸ ಸಿಕ್ಕಿದೆ ಎಂದು ತಾಯಿಗೆ ಹೇಳಿ ಹೊರಟವರು ಈಜಿಪ್ಟಿನಲ್ಲಿದ್ದಾರೆಂದು ನಮಗೆ ತಿಳಿಯುವ ಹೊತ್ತಿಗೆ ಹಡಗು ಎಂದೋ ದಡ ಮುಟ್ಟಿತ್ತು. ಮದುವೆಯಾದಾಗ ನಾನು ಚಿಕ್ಕವಳು. ದೊಡ್ಡವಳಾಗಿ ಅತ್ತೆಮನೆಗೆ ಬಂದಾಗ ಮನೆಯಲ್ಲಿ ಅತ್ತೆ ಇದ್ದರು, ಗಂಡ ಇರಲಿಲ್ಲ.

ಯುದ್ಧ ಮುಗಿದು, ಆ ಕೆಟ್ಟ ಜ್ವರದ ವರ್ಷವೂ ಕಳೆದ ಮೇಲೆ, ಒಂದು ಮಧ್ಯಾಹ್ನ ಮನೆಯ ಮುಂದೆ ಜಟಕಾ ನಿಂತಿತು. ಇಳಿದವರ ಕೆನ್ನೆ ಒಳಗೆ ಹೋಗಿತ್ತು, ಕೋಟು ಬೇರೆಯವರದ್ದೇನೋ ಎನ್ನುವಷ್ಟು ಜೋಲಾಡುತ್ತಿತ್ತು. ಯಾರೋ ಮುದುಕರು ದಾರಿ ಕೇಳಲು ಬಂದಿದ್ದಾರೆಂದು ನಾನು ಒಳಗೆ ಓಡಿ, ಅತ್ತೆ, ಯಾರೋ ಬಂದಿದ್ದಾರೆ ನೋಡಿ ಎಂದೆ. ಮನೆಗೆ ಬಂದ ಗಂಡನನ್ನು ನಾನು ಬರಮಾಡಿಕೊಂಡ ಬಗೆ ಇದು. ಆಮೇಲೆ ಅವರು ಇದನ್ನು ಹೇಳಿ ಹೇಳಿ ನನ್ನನ್ನು ಕಾಡಿಸುತ್ತಿದ್ದರು. ಕಾಡಿಸಿಕೊಳ್ಳುವುದು ಎಷ್ಟು ಹಿತವಾದದ್ದು ಎಂದು ನನಗೆ ಗೊತ್ತಾದದ್ದೂ ಆಗಲೇ.

ಅವರಿಗೆ ಬಂದಿದ್ದು ಹೊಟ್ಟೆಯ ಕಾಯಿಲೆ. ಮರಳುಗಾಡಿನ ನೀರಿನಿಂದ ಹತ್ತಿದ ಆಮಶಂಕೆ, ಬಿಟ್ಟ ಹಾಗೆ ಮಾಡಿ ಮತ್ತೆ ಹಿಡಿಯುತ್ತಿತ್ತು. ಗಂಜಿ ನಿಲ್ಲಲಿಲ್ಲ, ಮಜ್ಜಿಗೆ ನಿಲ್ಲಲಿಲ್ಲ, ದಾಳಿಂಬೆ ಸಿಪ್ಪೆಯ ಕಷಾಯವೂ ನಿಲ್ಲಲಿಲ್ಲ. ಪಂಡಿತರು ಕೈಚೆಲ್ಲಿದರು. ಆಸ್ಪತ್ರೆಯ ಡಾಕ್ಟರು ಬಿಳಿ ಪುಡಿ ಕೊಟ್ಟು, ಏನಾದರೂ ಹೊಟ್ಟೆಯಲ್ಲಿ ನಿಂತರೆ ಉಳಿದುಕೊಳ್ಳುತ್ತಾರೆ, ಇಲ್ಲದಿದ್ದರೆ ದೇವರು ದೊಡ್ಡವನು ಎಂದರು. ಡಾಕ್ಟರು ದೇವರ ಹೆಸರೆತ್ತಿದರೆ ಏನರ್ಥ ಎನ್ನುವುದು ನನ್ನಂಥ ದಡ್ಡಿಗೂ ತಿಳಿಯುತ್ತಿತ್ತು.

ಒಂದು ದಿನ ಅತ್ತೆ ಹಾಸಿಗೆಯ ಪಕ್ಕದಲ್ಲಿ ಕೂತು, ಏನು ಕೊಟ್ಟರೆ ತಿನ್ನುತ್ತೀಯಪ್ಪಾ, ಹೇಳು, ಬಾಯಿಬಿಟ್ಟು ಹೇಳು ಎಂದು ಕೇಳುತ್ತಿದ್ದರು. ಯಜಮಾನರು ಜಂತೆ ನೋಡುತ್ತಲೇ ಬಾಯಿಬಿಟ್ಟರು. ಅಲ್ಲಿ ಆಸ್ಪತ್ರೆಯಲ್ಲಿ ಇನ್ನೇನು ಸತ್ತೇಹೋದೆ ಎನ್ನುವಾಗ ಉಗ್ರಾಣ ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕ ಇಂಗ್ಲಿಷಿನವ ದಿನಾ ಕದ್ದು ಒಂದು ಲೋಟ ಕುಡಿಸುತ್ತಿದ್ದನಂತೆ. ಅದರ ಹೆಸರು ಏಲು. ಕಂಪನಿಯವರು ಮಾಡುವ ಬೀರಲ್ಲ. ರಾಣಿಯ ಕಾಲದಲ್ಲಿ ಅವನ ಅಜ್ಜಿ ಹಳ್ಳಿಯ ಮನೆಯಲ್ಲಿ ಕಾಸುತ್ತಿದ್ದ ಹಾಗೆಯೇ ಅವನೂ ಉಗ್ರಾಣದ ಹಿಂದೆ ಕಾಸಿಕೊಳ್ಳುತ್ತಿದ್ದನಂತೆ. ಅದನ್ನು ಕಾಸುವ ಕ್ರಮವನ್ನು ಮುದುಕ ಹೇಳಿ ಹೇಳಿ ಇವರಿಗೆ ಬಾಯಿಗೆ ಬಂದುಬಿಟ್ಟಿತ್ತು.

"ಅದೊಂದೇ ಕಣವ್ವ ಹೊಟ್ಟೇಲಿ ನಿಂತಿದ್ದು," ಎಂದರು. "ಕುಡಿದ್ಬುಟ್ಟೆ. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಅತ್ತೆ ಎದ್ದುಹೋದರು. ಬಚ್ಚಲಲ್ಲಿ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಮಗನ ಮಾತು ಕಿವಿಗೆ ಬಿದ್ದದ್ದಕ್ಕೇ ಸ್ನಾನ. ಇನ್ನು ಮನೆ ಎರಡಾಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತರು.

"ಅದಕ್ಕೆ ಏನೇನು ಹಾಕ್ತಾರೆ?" ಎಂದರು.

ಆ ಏಲಿನ ಪಾಕ ನಮ್ಮ ಮದ್ದಗಿರಿಗೆ ಬಂದು ಹೇಗೆ ವೇಷ ಬದಲಿಸಿತು ಎನ್ನುವುದನ್ನು ಹೇಳಬೇಕು. ಅಲ್ಲಿ ಅವರಿಗೆ ಬಾರ್ಲಿ, ನಮಗೆ ರಾಗಿ. ಮೊಳಕೆ ಕಟ್ಟಿದ ರಾಗಿ ಎಂದರೆ ಎಳೆಮಗುವಿನ ಮನೆಯ ವಸ್ತು. ಅತ್ತೆ ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೊಂದು ಗುಂಡುಕಲ್ಲು ಹೇರಿದರು. ಹೇರುವಾಗ ಒಮ್ಮೆ ನನ್ನ ಕಡೆ ನೋಡಿ, ಮೊಮ್ಮಗುವಿಗೆ ರಾಗಿ ಕಟ್ಟಬೇಕಾದ ಕೈ ಎಂದರು. ಅಲ್ಲಿ ಕಹಿಗೆ ಯಾವುದೋ ಬಳ್ಳಿಯ ಹೂವು ಹಾಕುತ್ತಾರಂತೆ. ಅದು ಇಲ್ಲಿ ಎಲ್ಲಿ ಸಿಗಬೇಕು. ಸಿದ್ದರಬೆಟ್ಟದ ಕಡೆಯಿಂದ ಬೇರು ನಾರು ತರುವವನಲ್ಲಿ ನೆಲಬೇವು ಕೊಳ್ಳುವುದೆಂದಾಯಿತು. ಕಹಿ ಎಂದರೆ ಕಹಿ, ಬಳ್ಳಿಯದಾದರೇನು, ನೆಲದ್ದಾದರೇನು. ಕೊಡಿಗೇನಹಳ್ಳಿ ಕುಂಬಾರರ ಹೊಸ ಗುಡಾಣವೊಂದು ದನದ ಕೊಟ್ಟಿಗೆಯ ಮೂಲೆಯಲ್ಲಿ ಕೂತಿತು. ಮನೆಯ ಒಳಗೆ ಅದಕ್ಕೆ ಪ್ರವೇಶವಿಲ್ಲ. ಕೊಟ್ಟಿಗೆಗೆ ಹೋಗುವಾಗ ಉಡಲು ಅತ್ತೆ ಒಂದು ಹಳೆಯ ಸೀರೆಯನ್ನು ಬೇರೆಯಾಗಿಟ್ಟರು. ಬಂದ ಮೇಲೆ ಮತ್ತೆ ಸ್ನಾನ. ಆ ದಿನಗಳಲ್ಲಿ ಅವರ ಬೆರಳ ತುದಿಗಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿಯೇ ಇರುತ್ತಿದ್ದವು.

ರಾಣಿಯ ಕಾಲದ್ದು ಎನ್ನುವುದು ಅತ್ತೆಗೆ ಒಂದು ಸಮಾಧಾನವಾಗಿತ್ತು. ಅವರ ತಾಯಿಯ ಕಾಸಿನ ಸರದಲ್ಲಿ ರಾಣಿ ಛಾಪಿನ ರೂಪಾಯಿಗಳಿದ್ದವು. ಗಂಡ ಸತ್ತ ಮೇಲೆ ಒಂಟಿಯಾಗಿ ಅಷ್ಟು ದೊಡ್ಡ ಸಂಸಾರ ತೂಗಿಸಿದ ಹೆಂಗಸು ಎಂದು ಆ ರಾಣಿಯ ಮೇಲೆ ಅತ್ತೆಗೆ ತಮ್ಮ ವಾರಗಿತ್ತಿಯರಿಗಿಂತ ಹೆಚ್ಚು ಗೌರವ. ಅಂಥವಳ ಕಾಲದಲ್ಲಿ ಮನೆಹೆಂಗಸರು ಮಾಡುತ್ತಿದ್ದರು ಎಂದರೆ ತೀರಾ ಕೆಟ್ಟದ್ದಿರಲಾರದು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಮೊಳಕೆ ಬರಿಸಿ ಒಣಗಿಸಿದ ರಾಗಿಯನ್ನು ಮಗುವಿಗೆ ಮಾಡುವ ಹಾಗೆ ನುಣ್ಣಗೆ ಬೀಸಬಾರದು, ತರಿತರಿಯಾಗಿರಬೇಕು. ಹುರಿಯಬಾರದು. ಹಂಡೆಯಲ್ಲಿ ನೀರು ಕುದಿಸಿ ಇಳಿಸಿ ಕಾಯಬೇಕು. ಎಷ್ಟು ಹೊತ್ತು ಎಂದು ಕೇಳಿದರೆ, ಹಬೆ ತೆಳುವಾಗಿ ನೀರಿನಲ್ಲಿ ನಿನ್ನ ಮುಖ ನಿನಗೆ ಕಾಣುವವರೆಗೆ, ಆಗ ಹಿಟ್ಟು ಸುರಿಯಬೇಕು, ಮುದುಕನ ಅಜ್ಜಿಯ ಗಡಿಯಾರ ಅದೇ ಎಂದರು. ಇವೆಲ್ಲವನ್ನೂ ಯಜಮಾನರು ಮಲಗಿದಲ್ಲಿಂದಲೇ ನನಗೆ ಹೇಳಿಕೊಡುತ್ತಿದ್ದರು. ನಾನು ತಿರುಗಿ ಒಪ್ಪಿಸುತ್ತಿದ್ದೆ. ಬೇರೆ ಹೆಂಡತಿಯರಿಗೆ ಗಂಡಂದಿರು ಏಕಾಂತದಲ್ಲಿ ಏನು ಹೇಳುತ್ತಾರೋ ನನಗೆ ತಿಳಿಯದು. ನನಗೆ ಸಿಕ್ಕಿದ ಮಾತೆಂದರೆ ಗಂಜಿ ಯಾವ ಹದಕ್ಕೆ ಬರಬೇಕು, ನೊರೆ ಯಾವ ಬಣ್ಣಕ್ಕಿರಬೇಕು, ಇಷ್ಟೇ. ಆದರೂ ಆ ಪಾಠ ಮುಗಿಯದಿರಲಿ ಎಂದು ಬೇಕೆಂದೇ ತಪ್ಪು ಒಪ್ಪಿಸುತ್ತಿದ್ದೆ. ಅವರಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ. ಮೊದಲ ಸಲ ಹಂಡೆಯ ಮೇಲೆ ಬಗ್ಗಿ ನಿಂತಾಗ ಒಳಗಿನಿಂದ, ಮುಖ ಕಾಣ್ತಾ ಎಂದು ಕೂಗಿ ಕೇಳಿದರು. ಹಬೆ ಸರಿಯಿತು, ಹಣೆಯ ಕುಂಕುಮದ ಸಮೇತ ಮುಖ ಕಂಡಿತು. ಕಾಣ್ತು ಎಂದೆ. ಹೆಂಗಿದೆ ಎಂದರು. ಅತ್ತೆ ಎದುರಿಗೇ ಇದ್ದರು, ನಾನು ನಾಚಿಕೊಂಡು ಹಂಡೆಗೆ ಹಿಟ್ಟು ಸುರಿದೆ.

ಇನ್ನುಳಿದದ್ದು ಹುಳಿಸುವುದು. ಅಲ್ಲಿ ಹಳೆಯ ಏಲಿನ ನೊರೆಯನ್ನು ಹೊಸತಕ್ಕೆ ಹಾಕುತ್ತಾರಂತೆ. ನಮ್ಮಲ್ಲಿ ಹಳೆಯದೆಲ್ಲಿಂದ ಬರಬೇಕು. ಈಚಲ ಹೆಂಡದ ನೊರೆ ಆಗುತ್ತದೆ, ಅಲ್ಲಿ ಬ್ರೆಡ್ಡು ಸುಡುತ್ತಿದ್ದ ಮದ್ರಾಸಿನವನೊಬ್ಬ ತಮ್ಮ ಕಡೆ ಹಿಟ್ಟಿಗೆ ಅದನ್ನೇ ಹಾಕುವುದೆಂದು ಹೇಳುತ್ತಿದ್ದ ಎಂದು ಅವರೆಂದರು. ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಬರಗೂರಿನ ಕೆಂಚಮ್ಮನಿಗೆ ಅತ್ತೆ ಗುಟ್ಟಾಗಿ ಹೇಳಿದಾಗ ಅವಳು ಪೊರಕೆ ಕೆಳಗೆ ಹಾಕಿಬಿಟ್ಟಳು. "ನಿಮ್ಮಂತಾರ ಮನೆಗೆ ಹೆಂಡ ಹೊತ್ಕಂಡ್ ಬಂದ್ರೆ ನನ್ ಕಣ್ಣು ಇಂಗೋಗಲ್ವಾ ಅಮ್ಮಾರೆ," ಎಂದು ಗಲ್ಲ ಬಡಿದುಕೊಂಡಳು. ಪಾಪ ಬಂದರೆ ನನಗೆ ಬರಲಿ ಎಂದು ಅತ್ತೆ ಅವಳನ್ನು ಒಪ್ಪಿಸಿದರು. ಮಾರನೆಯ ದಿನ ಕೆಂಚಮ್ಮ ಸೆರಗಿನ ಮರೆಯಲ್ಲಿ ಕುಡಿಕೆ ತಂದು ಹಿತ್ತಲ ಬಾಗಿಲಲ್ಲಿ ಇಟ್ಟು ಓಡಿಹೋದಳು.

ಗುಡಾಣಕ್ಕೆ ಹೆಂಡ ಬಿತ್ತು. ಬಾಯಿಗೆ ಬಟ್ಟೆ ಕಟ್ಟಿದೆವು. ಒಂದು ದಿನವಾಯಿತು, ಎರಡು ದಿನವಾಯಿತು, ಏನೂ ಆಗಲಿಲ್ಲ. ಮೇಲೆ ನೊರೆಯೇ ಇಲ್ಲ. ಸುಮ್ಮನೆ ಕಂದು ನೀರು, ಅದರ ಮೇಲೊಂದು ಕೆನೆಯಂಥ ಪದರ. ಕೊನೆಗೆ ಒಂದು ಕೆಟ್ಟ ವಾಸನೆ ಶುರುವಾಯಿತು. ನನ್ನನ್ನು ಹಿಡಿದುಕೊಂಡು ಯಜಮಾನರೇ ಎದ್ದು ಕೊಟ್ಟಿಗೆಗೆ ಬಂದರು. ಗುಡಾಣಕ್ಕೆ ಕಿವಿಯಿಟ್ಟು, ಇಲ್ಲಿ ಸದ್ದಿರಬೇಕಾಗಿತ್ತು, ಏನೂ ಇಲ್ಲವಲ್ಲ ಎಂದರು. ಹೆಂಡ ಹಾಕಿದ್ದು ಹೇಗೆ ಎಂದು ನನ್ನನ್ನು ಕೇಳಿದರು. ನಾನು ಅತ್ತೆಯನ್ನು ನೋಡಿದೆ. ಅತ್ತೆ, ಕುದಿಸಿ ಹಾಕಿದೆ ಕಣಪ್ಪಾ, ಹಸಿ ಹೆಂಡ ಹೆಂಗೆ ಮುಟ್ಲಿ ಎಂದರು.

ಯಜಮಾನರು ನಗತೊಡಗಿದರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೊಟ್ಟೆ ಹಿಡಿದುಕೊಂಡು, ನೋವಿಗೆ ಕಣ್ಣಲ್ಲಿ ನೀರು ಬಂದು, ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತುಬಿಟ್ಟರು.

"ಕೊಂದ್ಬುಟ್ಟೆ ಕಣವ್ವಾ ಅದನ್ನ," ಎಂದರು. "ಅದಕ್ಕೆ ಜೀವ ಇರ್ತದೆ."

ಅತ್ತೆಯ ಮುಖ ಬಿಳುಪೇರಿತು. ಇರುವೆ ತುಳಿದರೂ ಶಿವಶಿವಾ ಎನ್ನುವವರು. ಜೀವ ಇರುವುದನ್ನು ಕುದಿಯುವ ಪಾತ್ರೆಗೆ ಹಾಕಿದೆನಲ್ಲ ಎಂದು ಒಂದು ಸಂಕಟ, ಜೀವ ಇರುವುದನ್ನು ಮಗ ಕುಡಿಯುತ್ತಾನೆ ಎಂದು ಇನ್ನೊಂದು. ಹೀಗೆ ನಿಂತವರಿಗೆ ಅವರು ನಿಧಾನವಾಗಿ ತಿಳಿಸಿ ಹೇಳಿದರು. ಹೆಂಡ ಇಲ್ಲಿ ಕುಡಿಯುವುದಕ್ಕಲ್ಲ, ಹಾಲಿಗೆ ಹೆಪ್ಪು ಹಾಕುವ ಹಾಗೆ ಇದಕ್ಕೆ ಅದು ಹೆಪ್ಪು. ಹೆಪ್ಪನ್ನು ಯಾರಾದರೂ ಕುದಿಸುತ್ತಾರೆಯೇ?

"ಹೆಪ್ಪಾ?" ಎಂದರು ಅತ್ತೆ. "ಅಂಗಂತ ಮೊದ್ಲೇ ಹೇಳ್ಬಾರದಿತ್ತೇನೋ." ಗುಡಾಣದ ಕಡೆ ತಿರುಗಿ, "ನಂಗೆ ಗೊತ್ತಿರೋ ಕೆಲ್ಸ ಅದು," ಎಂದರು.

ಅಲ್ಲಿಂದ ಅತ್ತೆ ಬೇರೆಯೇ ಮನುಷ್ಯರಾದರು. ಮತ್ತೆ ರಾಗಿ ನೆನೆಸಿದರು, ಮತ್ತೆ ಕಲ್ಲು ಹೇರಿದರು. ಆದರೆ ರಾಗಿ ನಮ್ಮ ಅವಸರಕ್ಕೆ ಮೊಳೆಯುತ್ತದೆಯೇ. ಮೊಳಕೆ ಬರಬೇಕು, ಒಣಗಬೇಕು, ಅದಕ್ಕೆ ಸರಿಯಾಗಿ ಎರಡು ದಿನ ಮೋಡ. ಅತ್ತೆ ಒಲೆಯ ಪಕ್ಕದಲ್ಲಿ ಮೊರ ಹಿಡಿದುಕೊಂಡು ಕೂತು ಮೊಳಕೆಗೆ ಬಿಸಿ ತಾಗಿತೇ ತಾಗಲಿಲ್ಲವೇ ಎಂದು ಅಂಗೈಯಿಂದ ನೋಡಿ ನೋಡಿ ಒಣಗಿಸಿದರು. ಇತ್ತ ಯಜಮಾನರು ದಿನದಿನಕ್ಕೆ ಇಳಿಯುತ್ತಿದ್ದರು. ಹಿಡಿದುಕೊಂಡರೂ ಏಳಲಾಗುತ್ತಿರಲಿಲ್ಲ. ಮಾತು ಕಡಿಮೆಯಾಯಿತು. ನಾನು ತಪ್ಪು ಒಪ್ಪಿಸಿದರೆ ತಿದ್ದುತ್ತಿರಲಿಲ್ಲ, ಹೂಂ ಎಂದುಬಿಡುತ್ತಿದ್ದರು. ಅದರಿಂದ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಈ ಸಲ ಕೆಂಚಮ್ಮ ಕುಡಿಕೆ ತಂದಾಗ ಅತ್ತೆ ಹಿತ್ತಲಿಗೆ ಹೋಗಿ ಅವಳ ಕೈಯಿಂದ ತಮ್ಮ ಕೈಗೆ ತೆಗೆದುಕೊಂಡರು. ಹಿತ್ತಲಿಂದ ಕೊಟ್ಟಿಗೆಗೆ ಹೋಗಲು ಅಡಿಗೆಮನೆ ಹಾಯಬೇಕು. ಒಲೆ ಉರಿಯುತ್ತಿತ್ತು. ಅದರ ಮುಂದೆ ಅತ್ತೆ ನಿಂತರು. ಕುಡಿಕೆಯನ್ನು ನೋಡಿದರು, ಒಲೆಯನ್ನು ನೋಡಿದರು. ಆಮೇಲೆ ಹಸಿ ಹೆಂಡವನ್ನು ಎದೆಗೆ ಅವಚಿಕೊಂಡು, ಲಿಂಗ ಇರುವ ಎದೆಗೇ, ಕೊಟ್ಟಿಗೆಗೆ ನಡೆದುಬಿಟ್ಟರು. ಅಂದು ಕೊಟ್ಟಿಗೆಯಿಂದ ಬಂದ ಮೇಲೆ ಸ್ನಾನ ಮಾಡಲಿಲ್ಲ. ಮರೆತರೋ ಬಿಟ್ಟರೋ ನಾನು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಗುಡಾಣದ ಬಾಯಿಯ ಬಟ್ಟೆ ಉಬ್ಬಿತ್ತು. ಒಳಗಿನಿಂದ ಸಣ್ಣಗೆ ಸುಯ್ ಎನ್ನುವ ಸದ್ದು. ಬಿಚ್ಚಿದರೆ ಹಸುಗೂಸಿನ ತಲೆಯಷ್ಟು ಎತ್ತರಕ್ಕೆ ನೊರೆ. ಅತ್ತೆ ಓಡಿಬಂದು ಮಗನಿಗೆ ಹೇಳಿದ್ದನ್ನು ನೋಡಿದ್ದರೆ, ಮನೆಯಲ್ಲಿ ತೊಟ್ಟಿಲು ಕಟ್ಟುವ ಸುದ್ದಿಯೇನೋ ಎಂದುಕೊಳ್ಳುತ್ತಿದ್ದಿರಿ.

ವಾಸನೆ ಮಾತ್ರ ಬೀದಿಗೆಲ್ಲ ಹಬ್ಬಿತು. ಬೀದಿಯ ಕೊನೆಯಲ್ಲಿದ್ದ ಅಬ್ಕಾರಿ ಪ್ಯೂನು ಮೂಗೆತ್ತಿಕೊಂಡು ಮನೆಮನೆಯ ಮುಂದೆ ನಿಂತು ನೋಡುತ್ತ ಬಂದ. ಮನೆಯಲ್ಲಿ ಮದ್ಯ ಕಾಸಿದರೆ ಆಗಲೂ ಜೈಲೇ. ನಮ್ಮ ಜಗಲಿಯಲ್ಲಿ ಅತ್ತೆ ಮೂರು ಬೆರಳಿನ ವಿಭೂತಿ ಇಟ್ಟುಕೊಂಡು ಕೂತಿದ್ದರು. ಅವನು ಕೈಮುಗಿದು, ಈ ಬೀದಿಯ ಯಾರದೋ ಮನೆಯಲ್ಲಿ ಕಳ್ಳತನದಲ್ಲಿ ಕಾಸುತ್ತಿದ್ದಾರೆ ತಾಯಿ, ನಿಮಗೇನಾದರೂ ಗೊತ್ತೇ ಎಂದು ವಿನಯದಿಂದ ಕೇಳಿದ. ಜನ್ಮದಲ್ಲಿ ಸುಳ್ಳಾಡದ ನಮ್ಮತ್ತೆ, ಇರಬಹುದು ಕಣಪ್ಪಾ, ಕಾಲ ಕೆಟ್ಟುಹೋಗಿದೆ ಎಂದರು. ಅವನು ಅವರ ಕಾಲಿಗೆ ಬಿದ್ದು ಮುಂದಿನ ಮನೆಗೆ ಹೋದ. ಒಳಗೆ ನಾನು ಬಾಯಿಗೆ ಸೆರಗು ತುರುಕಿಕೊಂಡಿದ್ದೆ. ನಗು ತಡೆಯುವುದಕ್ಕೋ ಅಳು ತಡೆಯುವುದಕ್ಕೋ ನನಗೇ ಸ್ಪಷ್ಟವಿರಲಿಲ್ಲ.

ಒಂದು ಲೋಟದಲ್ಲಿ ಸೋಸಿಕೊಂಡು ಅತ್ತೆ ಮಗನ ಬಾಯಿಯ ಹತ್ತಿರ ಹಿಡಿದರು. ಅವರು ಮುಖ ತಿರುಗಿಸಿದರು. ಈಗ ಕುಡಿಯಬಾರದು, ನೊರೆ ತಾನಾಗಿ ಇಳಿಯಬೇಕು, ಅಲ್ಲಿಯವರೆಗೆ ಅದು ಏಲಲ್ಲ ಎಂದರು. ಮುದುಕನ ಅಜ್ಜಿ ಹಾಗೆ ಹೇಳಿದ್ದಳಂತೆ. ಯಾವ ಊರಿನ ಯಾವ ಮುದುಕಿಯೋ, ಸತ್ತು ಎಷ್ಟು ಕಾಲವಾಯಿತೋ, ಅವಳ ಮಾತು ಮೀರುವಂತಿಲ್ಲ. ಅತ್ತೆ ಕಾಲು ಹಿಡಿಯುವುದೊಂದು ಬಾಕಿ. ಒಂದು ಗುಟುಕು ಕಣಪ್ಪಾ, ಬಾಯಿಗೆ ಹಾಕಿಕೋ ಎಂದು ಗೋಗರೆದರು. ಹಿಂದೆ ಒಮ್ಮೆ ಕ್ರಮ ತಪ್ಪಿ ಕೆಟ್ಟಿತಲ್ಲವ್ವ, ಈ ಸಲ ಸರಿಯಾಗಿ ಆಗಲಿ ಬಿಡು ಎಂದರು ಅವರು. ನನಗೆ ಆಗ ಸಿಟ್ಟು ಬಂತು. ಈಗ ನೆನೆಸಿಕೊಂಡರೂ ಬರುತ್ತದೆ. ತಾಯಿಯ ಮಡಿಯನ್ನು ನೋಡಿ ನಗುತ್ತಿದ್ದವರಿಗೆ ತಮ್ಮದೂ ಒಂದು ಮಡಿ ಎಂದು ಯಾರು ಹೇಳಬೇಕು. ತಾಯಿ ತನ್ನದನ್ನು ಬಿಟ್ಟುಕೊಟ್ಟಾಗಿತ್ತು. ಮಗ ಬಿಡಲಿಲ್ಲ.

ನೊರೆ ಇಳಿಯಲಿಲ್ಲ. ದಿನಾ ಎದ್ದು ನೋಡುವುದು, ದಿನಾ ಅದು ನಿಂತೇ ಇರುವುದು. ಒಂದು ಬೆಳಿಗ್ಗೆ ಅವರು ನನ್ನನ್ನು ಕರೆದು, ಹೋಗಿ ನೋಡಿ ಬಾ ಎಂದರು. ನೋಡಿ ಬಂದು, ಇನ್ನೂ ಇದೆ, ಅಂಚಿನಲ್ಲಿ ಒಂಚೂರು ತಗ್ಗಿದೆ ಎಂದೆ. ಇರಲಿ ಬಿಡು ಎಂದರು. ಅತ್ತೆ ಬಾವಿಯಿಂದ ಕೊಡ ಹೊತ್ತು ಬರುವ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರು. ನಾನು ಅತ್ತೆಗೆ ಹೇಳಬೇಕಾಗಿ ಬರಲಿಲ್ಲ. ನನ್ನ ಮುಖ ನೋಡಿ ಕೊಡ ಇಳಿಸಿದರು.

ಅಯ್ಯನವರು ಬಂದರು, ನೆಂಟರು ಬಂದರು. ನಮ್ಮ ಪದ್ಧತಿಯಂತೆ ಯಜಮಾನರನ್ನು ಕೂರಿಸಿ, ವಿಭೂತಿ ಗಟ್ಟಿಗಳನ್ನು ಇಟ್ಟು ಮಣ್ಣು ಮಾಡಿದರು. ಮನೆಯ ತುಂಬ ಜನ, ಅಳು. ನಡುನಡುವೆ ಮೌನವಾದಾಗ ಕೊಟ್ಟಿಗೆಯ ಕಡೆಯಿಂದ ಗುಡಾಣದ ಸುಯ್ ಎನ್ನುವ ಸದ್ದು ನನಗೆ ಕೇಳಿಸುತ್ತಿತ್ತು. ನನಗೆ ಅದನ್ನು ಒಡೆದುಹಾಕಬೇಕು ಎನ್ನಿಸಿತ್ತು. ಅತ್ತೆ ಆ ಮೊದಲ ಎರಡು ದಿನ ಒಂದೇ ಮಾತು ಹೇಳುತ್ತಿದ್ದರು. ನಾನು ಕುದಿಸದೆ ಇದ್ದಿದ್ದರೆ, ನಾನು ಕುದಿಸದೆ ಇದ್ದಿದ್ದರೆ. ಬಂದವರಿಗೆ ಏನೂ ಅರ್ಥವಾಗದೆ, ಪುತ್ರಶೋಕ, ಬುದ್ಧಿ ಕಲಕಿದೆ ಎಂದುಕೊಂಡರು. ನಿಜ ಹೇಳಬೇಕೆಂದರೆ, ಅತ್ತೆ ಕುದಿಸದೆ ಇದ್ದಿದ್ದರೆ ಎಂದು ನನಗೂ ಅನ್ನಿಸುತ್ತಿತ್ತು.

ಮೂರನೆಯ ದಿನ ಹಾಲು ತುಪ್ಪ. ಸಮಾಧಿಯ ಮೇಲೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದದ್ದನ್ನು ಎಡೆಯಿಡುವುದು. ನಮ್ಮಲ್ಲಿ ಹೆಂಗಸರೂ ಹೋಗುತ್ತೇವೆ. ಹೊರಡುವ ಮುಂಚೆ ಅತ್ತೆ ಕೊಟ್ಟಿಗೆಗೆ ಹೋಗಿ ಬಂದರು. ಅಯ್ಯನವರು ಮಂತ್ರ ಹೇಳಿದರು, ಹಾಲು ಬಿಟ್ಟಾಯಿತು, ತುಪ್ಪ ಬಿಟ್ಟಾಯಿತು. ಬಾಳೆ ಎಲೆಯ ಮೇಲೆ ಅನ್ನ, ಹೋಳಿಗೆ ಇಟ್ಟಾಯಿತು. ಆಗ ಅತ್ತೆ ಸೆರಗಿನ ಒಳಗಿನಿಂದ ಒಂದು ತಂಬಿಗೆ ತೆಗೆದರು. ಗಾಳಿ ಆ ಕಡೆ ಬೀಸುತ್ತಿತ್ತು. ಅಯ್ಯನವರ ಮುಖ ಬದಲಾಯಿತು.

ಅದೇನು ತಾಯಿ ಎಂದು ಮೆಲ್ಲಗೆ ಕೇಳಿದರು.

"ನನ್ನ ಮಗ ಕೇಳಿದ್ದು ಅಯ್ನೋರೆ," ಎಂದರು ಅತ್ತೆ. "ಬದುಕಿದ್ದಾಗ ಕೊಡೋಕಾಗ್ಲಿಲ್ಲ. ಇವತ್ತು ನೊರೆ ಇಳಿದದೆ."

ಅಯ್ಯನವರು ಕೆಟ್ಟವರಲ್ಲ. ಅದನ್ನು ಇಲ್ಲಿ ಹಾಕಿದರೆ ನಾವು ನಿಲ್ಲುವುದಕ್ಕಾಗುವುದಿಲ್ಲವಮ್ಮಾ ಎಂದರು, ಬೇಡಿಕೊಳ್ಳುವವರ ಹಾಗೆ. ಮುಂದೆ ನಿಮ್ಮ ಮನೆಯಲ್ಲಿ ಪಾದ ತೊಳೆಸಿಕೊಳ್ಳುವುದಕ್ಕೂ ಆಗುವುದಿಲ್ಲ ಎಂದರು. ಮಗನನ್ನು ಕಳೆದುಕೊಂಡ ವಿಧವೆಗೆ ಊರಿನಲ್ಲಿ ಉಳಿದಿದ್ದದ್ದು ಅದೊಂದು ಮರ್ಯಾದೆ. ಅತ್ತೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

"ನಿಲ್ಬೇಡಿ ಅಯ್ನೋರೆ," ಎಂದರು.

ಅಯ್ಯನವರು ಬೆತ್ತ ಎತ್ತಿಕೊಂಡು ಹೊರಟರು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವರ ಹಿಂದೆ ಹೊರಟರು. ಬೇಲಿಯಾಚೆ ನಿಂತಿದ್ದ ಕೆಂಚಮ್ಮ ಮಾತ್ರ ನಿಂತೇ ಇದ್ದಳು. ಅತ್ತೆ ತಂಬಿಗೆಯನ್ನು ಎರಡು ಕೈಯಲ್ಲಿ ಹಿಡಿದು, ತಲೆಯ ಕಡೆಯಿಂದ ಶುರುಮಾಡಿ, ನಿಧಾನವಾಗಿ ಸುರಿದರು. ಹೊಸ ಮಣ್ಣು ಬೇಗ ಬೇಗ ಕುಡಿಯಿತು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಅತ್ತೆ ಅದನ್ನು ನೋಡಿದರು. ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡರು. ಮೂರು ದಿನದಿಂದ ಗಟ್ಟಿಯಾಗಿ ನಿಂತಿದ್ದ ಮುಖ ಆ ಕಹಿಗೆ ಚಿಕ್ಕ ಮಗುವಿನ ಮುಖದ ಹಾಗೆ ಕಿವುಚಿಕೊಂಡಿತು. ನನ್ನ ಕಡೆ ತಿರುಗಿ, ತಂಬಿಗೆ ನನ್ನ ಕೈಗೆ ಕೊಟ್ಟು, ಆ ಮಣ್ಣಿನ ಪಕ್ಕದಲ್ಲಿ ಕುಸಿದು ಕೂತರು.

"ಇಷ್ಟೊಂದು ಕಹಿ ಕಣೇ," ಎಂದರು. "ಒಂಚೂರು ಬೆಲ್ಲ ಹಾಕ್ಬೋದಿತ್ತು ನನ್ನ ಮಗಂಗೆ."